ಬೇಲಿಯೊಳಗಿನ ಹೊರಬೀಡು

ಆ ಬೇಸಿಗೆಯಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ಬಿಸಿಲಿನ ಮೇಲೆ, ಮುಳ್ಳಿನ ಮೇಲೆ, ಮುಂಡರಗಿಯ ಹೆಣ್ಣುಮಕ್ಕಳ ಶಾಲೆಯಿಂದ ನನ್ನನ್ನು ಎತ್ತಿ ಕಪ್ಪತಗುಡ್ಡದ ಬುಡಕ್ಕೆ ಒಗೆದ ಸಾಹೇಬರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಎಲ್ಸೆ ಎಂಬ ಆ ಡೆನ್ಮಾರ್ಕಿನ ಹೆಂಗಸಿನ ಮೇಲೆ. ತುಳಸಾಬಾಯಿಗೆ ಇಂಗ್ಲಿಷ್ ಬರುತ್ತದೆ, ಗಂಡನಿಲ್ಲ ಮಕ್ಕಳಿಲ್ಲ, ಒಂದು ವರ್ಷ ಅಡವಿಯಲ್ಲಿ ದುಭಾಷಿಯಾಗಿದ್ದರೆ ಏನು ಕಳೆದುಕೊಂಡಾಳು ಎಂದು ಯಾರೋ ಕಚೇರಿಯಲ್ಲಿ ಕೂತು ತೀರ್ಮಾನಿಸಿದ್ದರು. ಆ ಒಂದು ವರ್ಷ ಮೂರಾಗಿತ್ತು.

ನಾನು ಶಿರಹಟ್ಟಿಯವಳು. ಹುಟ್ಟಿದಾಗ ನಮ್ಮೂರು ಸಾಂಗಲಿ ಸಂಸ್ಥಾನದ್ದು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರಕಾರದ್ದಾಯಿತು. ಈಗ ೧೯೫೬ರ ಏಪ್ರಿಲ್‌ನಲ್ಲಿ, ವರ್ಷ ತುಂಬುವುದರೊಳಗೆ ಕನ್ನಡದವರೆಲ್ಲ ಒಂದಾಗಿ ಮೈಸೂರಿಗೆ ಸೇರುತ್ತೇವೆ ಎಂದು ಜನ ಹಬ್ಬದ ಮಾತಾಡುತ್ತಿದ್ದರು. ನನಗೂ ಸಂತೋಷವೇ. ಆದರೆ ಸರಕಾರ ಬದಲಾಗುವ ಮೊದಲು ಕಡತಗಳನ್ನೆಲ್ಲ ಮುಗಿಸಬೇಕೆಂದು ಧಾರವಾಡದ ಅರಣ್ಯ ಕಚೇರಿಗೆ ಅವಸರ ಹತ್ತಿತ್ತು. ಆ ಅವಸರವೇ ನಮ್ಮ ಕುತ್ತಿಗೆಗೆ ಬಂದದ್ದು.

ಎಲ್ಸೆ ಗಿಡಮರಗಳ ವಿದ್ಯೆ ಕಲಿತವಳು. ಗುಡ್ಡದ ಪಡುವಣ ಇಳಿಜಾರಿನಲ್ಲಿ, ಕಡಕೊಪ್ಪ ಎಂಬ ಹಳ್ಳಿಯ ಸೀಮೆಯೊಳಗೆ, ಮೂವತ್ತು ಎಕರೆಗೆ ಮುಳ್ಳುತಂತಿಯ ಬೇಲಿ ಹಾಕಿಸಿದ್ದಳು. ಒಳಗೆ ದನ ಬಿಡುವಂತಿಲ್ಲ, ಕಟ್ಟಿಗೆ ಕಡಿಯುವಂತಿಲ್ಲ, ಬೆಂಕಿ ಇಡುವಂತಿಲ್ಲ. ಹಾಗೆ ಬಿಟ್ಟರೆ ಬೋಳುಗುಡ್ಡ ತಾನಾಗಿಯೇ ಅಡವಿಯಾಗುತ್ತದೆ ಎಂದು ತೋರಿಸುವುದು ಆಕೆಯ ಹಟ. ಮೂರು ವರ್ಷದಲ್ಲಿ ದಿಂಡಲ, ಕಮರ, ಮಸಿವಾಳದ ಗಿಡಗಳು ಎದೆಯುದ್ದ ಬಂದಿದ್ದವು. ಎರಡು ಶ್ರೀಗಂಧದ ಸಸಿಗಳೂ ಎದ್ದಿದ್ದವು. ಮೇ ಒಂದರಂದು ಧಾರವಾಡದಿಂದ ವಾಸುದೇವರಾವ್ ಸಾಹೇಬರು ತಪಾಸಣೆಗೆ ಬರುವವರಿದ್ದರು. ಬೇಲಿಯೊಳಗಿನ ಚಿಗುರು ಸುಡದೆ ನಿಂತಿದ್ದರೆ ಇಡೀ ಪಡುವಣ ಇಳಿಜಾರು ಕಾಯ್ದಿಟ್ಟ ಅಡವಿಯಾಗುತ್ತದೆ, ಇಲ್ಲವಾದರೆ ಎಲ್ಲವೂ ಇದ್ದಲಿ ಸುಡುವ ಗುತ್ತಿಗೆದಾರನ ಪಾಲು ಎಂದು ಅವರು ಮೊದಲೇ ಬರೆದು ಕಳಿಸಿದ್ದರು.

ಎಲ್ಸೆ ನಮ್ಮ ಕಡೆಯ ಬದುಕಿಗೆ ಹೊಂದಿಕೊಂಡ ಬಗೆ ನೋಡಿ ನಾನು ಎಷ್ಟೋ ಸಲ ಹಣೆ ಬಡಿದುಕೊಂಡಿದ್ದೇನೆ. ಬಂದ ಹೊಸದರಲ್ಲಿ ಮಟಮಟ ಮಧ್ಯಾಹ್ನ ಗುಡ್ಡ ಹತ್ತಿ ಮೂರು ಸಲ ತಲೆ ತಿರುಗಿ ಬಿದ್ದಳು. ಆಮೇಲೆ ಊರವರಂತೆ ನಸುಕಿನಲ್ಲೇ ಹತ್ತಿ ಬಿಸಿಲೇರುವುದರೊಳಗೆ ಇಳಿಯುವುದನ್ನು ಕಲಿತಳು. ಕಟಿರೊಟ್ಟಿಯನ್ನು ಅಂಚಿನಿಂದ ಇಲಿಯ ಹಾಗೆ ಕಡಿಯುತ್ತಿದ್ದವಳು ಗುರೆಳ್ಳು ಚಟ್ನಿ ಹಚ್ಚಿ ಮುರಿದು ತಿನ್ನತೊಡಗಿದಳು. "ಊಟ ಆತೇನು?" ಎಂದು ದಾರಿಯಲ್ಲಿ ಕೇಳಿದವರಿಗೆಲ್ಲ ನಿಂತು ಏನೇನು ತಿಂದೆ ಎಂದು ಹೇಳುತ್ತಿದ್ದಳು. ಅದನ್ನು ಬಿಡಿಸಲು ನನಗೆ ವರ್ಷ ಹಿಡಿಯಿತು. ಊರ ಹೆಂಗಸರು ಆಕೆಯನ್ನು ಎಲ್ಸವ್ವ ಎಂದು ಕರೆದರು. ಅಕ್ಕರೆ ಇತ್ತು, ಆದರೆ ಬೇಲಿಯ ಮೇಲಿನ ಸಿಟ್ಟೂ ಹಾಗೆಯೇ ಇತ್ತು.

ತಪಾಸಣೆಗೆ ಒಂಬತ್ತು ದಿನ ಉಳಿದಿರುವಾಗ, ಬೆಳಗಿನ ಹೊತ್ತು, ನಾವಿದ್ದ ಎರಡು ಖೋಲಿಯ ಅರಣ್ಯ ಬಂಗಲೆಗೆ ಮೂವರು ಬಂದರು. ಊರ ಗೌಡ ಗೋಣೆಪ್ಪ, ದ್ಯಾಮವ್ವನ ಗುಡಿಯ ಪೂಜೆ ಮಾಡುವ ಮುದುಕಿ ಉಡಚವ್ವ, ಅವರ ಹಿಂದೆ ತಲೆ ತಗ್ಗಿಸಿಕೊಂಡು ನಮ್ಮದೇ ಅರಣ್ಯ ಗಾರ್ಡ ಮಲಂಗಸಾಬ. ಅವನೂ ಕಡಕೊಪ್ಪದವನೇ.

"ಊರಾಗ ಅವ್ವ ಬಂದಾಳ್ರಿ ಅಕ್ಕೋರ," ಎಂದ ಗೋಣೆಪ್ಪ. ಅವ್ವ ಬಂದಳು ಎಂದರೆ ಸಿಡುಬು ಎದ್ದಿದೆ ಎಂದು. "ಮೂರು ಮನ್ಯಾಗ ಐತಿ. ಮಂಗಳವಾರ ಹೊರಬೀಡು ಮಾಡಬೇಕಂತ ಊರ ದೈವದ ಹಿರೇರು ಕೂಡಿ ಮಾತಾಡೇವಿ."

ಹೊರಬೀಡು ನನಗೆ ಗೊತ್ತಿತ್ತು. ಅಂದು ನಸುಕಿನಲ್ಲೇ ಊರಿನ ಒಲೆಗಳೆಲ್ಲ ಆರಬೇಕು. ಹಿಂದು ಮುಸಲ್ಮಾನ ಎನ್ನದೆ ಪ್ರತಿಯೊಬ್ಬರೂ, ಮಲಗಿದ ರೋಗಿಗಳನ್ನೂ ಹೊತ್ತುಕೊಂಡು, ದನಕರು ಹೊಡೆದುಕೊಂಡು ಊರು ಬಿಟ್ಟು ಹೋಗಬೇಕು. ಊರ ಅಗಸೆಬಾಗಿಲಿಗೆ ಮುಳ್ಳು ಬಡಿಯುತ್ತಾರೆ. ಖಾಲಿ ಬೀದಿಗಳಲ್ಲಿ ದೇವಿ ಒಬ್ಬಳೇ ತಿರುಗಾಡಿ ಹೊರಡುತ್ತಾಳೆ. ಹೊತ್ತು ಮುಳುಗುವ ತನಕ ನರಪಿಳ್ಳೆಯೂ ಒಳಗೆ ಕಾಲಿಡಬಾರದು. ಅಡಿಗೆ ಊಟ ಎಲ್ಲವೂ ಹೊರಗೇ, ಮನೆಗೊಂದು ಒಲೆ ಹೂಡಿ.

"ಮಾಡ್ರಿ. ನಮಗ್ಯಾಕ ಹೇಳಾಕ ಬಂದ್ರಿ?" ಎಂದೆ.

ಉಡಚವ್ವ ನನ್ನನ್ನು ನೆಟ್ಟಗೆ ನೋಡಿದಳು. "ಯಾಕಂದ್ರ? ಹೊರಬೀಡಿನ ಜಾಗ ಬೇಲಿ ಒಳಗ ಐತಲ್ಲ. ಬೇಲಿ ಹಾಕೋ ದಿನಾ ನಿಮಗ ಹೇಳಿದ್ನೆಲ್ರಿ? ನೀವು ಆಕಿಗೆ ಹೇಳಿದ್ರಿ, ಆಕಿ ತಲಿ ಆಡಿಸಿದ್ಲು."

ಖರೆ, ಹೇಳಿದ್ದಳು. ಮೂರು ವರ್ಷದ ಹಿಂದೆ ಗೂಟ ಹೊಡೆಯುವಾಗ ಈ ಮುದುಕಿ ನನ್ನ ಸೆರಗು ಹಿಡಿದು, ಒರತೆಯ ಸುತ್ತಲಿನ ಬಯಲು ಊರಿನ ಹೊರಬೀಡಿಗೆ ಬೇಕು, ಎಲ್ಸೆ ಬಾಯಾರಿಗೆ ತಿಳಿಸಿರಿ ಎಂದಿದ್ದಳು. ಎಲ್ಸೆ ನನ್ನತ್ತ ತಿರುಗಿ ಏನಂತೆ ಎಂದು ಕೇಳಿದಳು. ನನಗೆ ಹಸಿವೆಯಾಗಿತ್ತು, ಬಿಸಿಲು ನೆತ್ತಿಗೇರಿತ್ತು. ಅದಕ್ಕಿಂತ ಹೆಚ್ಚಾಗಿ, ಸಿಡುಬು ಬಂದರೆ ನಮ್ಮ ಜನ ಊರು ಬಿಟ್ಟು ಹೋಗಿ ಕೂರುತ್ತಾರೆ ಎಂದು ಪರದೇಶದವಳ ಮುಂದೆ ಹೇಳಲು ನಾಚಿಕೆ. "ಮುದುಕಿ ಆಶೀರ್ವಾದ ಮಾಡುತ್ತಿದ್ದಾಳೆ" ಎಂದುಬಿಟ್ಟೆ. ಎಲ್ಸೆ ಕೈಮುಗಿದು ತಲೆಯಾಡಿಸಿದಳು. ಹನ್ನೊಂದು ವರ್ಷದಿಂದ ಹೊರಬೀಡು ಆಗಿರಲಿಲ್ಲ. ಇನ್ನು ಆಗುವುದೂ ಇಲ್ಲ ಎಂದುಕೊಂಡಿದ್ದೆ.

ಈಗ ಅವರೆದುರಿಗೇ ಎಲ್ಸೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ, ನನ್ನ ಸುಳ್ಳನ್ನೂ ಬಿಡದೆ. ಆಕೆಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಎಷ್ಟು ಒಲೆ?" ಎಂದು ಕೇಳಿದಳು.

"ನೂರಾ ನಾಲ್ಕು ಮನೆ."

"ಏಪ್ರಿಲ್‌ನಲ್ಲಿ. ಆ ಬಾದೆ ಹುಲ್ಲಿನ ನಡುವೆ." ಎಂದಳು. "ಒಂದು ಕಿಡಿ ಸಾಕು, ತುಳಸಾ. ಅರ್ಧ ಗಂಟೆಯಲ್ಲಿ ಮೂರು ವರ್ಷ ಹೋಗುತ್ತದೆ. ಬೇರೆ ಎಲ್ಲಾದರೂ ಹೋಗಲಿ."

ಬೇರೆಲ್ಲೂ ನೀರಿರಲಿಲ್ಲ. ಆ ಕಡೆಯ ಮೂರು ಹಳ್ಳಿಗಳಿಗೂ ಬೇಸಿಗೆಯಲ್ಲಿ ಬತ್ತದ ಒರತೆ ಅದೊಂದೇ. ಮುಂಡರಗಿಯಿಂದ ಪೊಲೀಸರನ್ನು ಕರೆಸಬಹುದು ಎಂದು ಮಲಂಗಸಾಬ ನೆಲ ನೋಡುತ್ತ ಗೊಣಗಿದ. ಸರಕಾರದ ಉಪ್ಪು ತಿಂದವನು ಹೇಳಬೇಕಾದ ಮಾತನ್ನು ಹೇಳಿದ, ಅಷ್ಟೇ. ಅವನ ಹೆಂಡತಿ ದಿಲಶಾದಬಿ ಆಗಲೇ ಹೊರಬೀಡಿಗೆ ಬುಟ್ಟಿ ಕಟ್ಟಿಟ್ಟಿದ್ದಳು.

"ಪೊಲೀಸರು ಬಂದ್ರ ಬರವೊಲ್ಲರ್ಯಾಕ," ಎಂದಳು ಉಡಚವ್ವ. "ಅವರಿಗೂ ಒಂದು ರೊಟ್ಟಿ ಹಾಕ್ತೀವಿ. ಆದ್ರ ನಾವು ಬರೂದು ಬರೂದ."

ಕೊನೆಗೆ ಎಲ್ಸೆ, ಬೇಲಿಯ ಬಾಗಿಲು ತೆರೆಯುತ್ತೇನೆ ಎಂದಳು. ಆದರೆ ಒರತೆಯ ಸುತ್ತ ತಾನು ಗುರುತು ಹಾಕಿದಷ್ಟು ಜಾಗದಲ್ಲಿ ಮಾತ್ರ ಕೂರಬೇಕು. ಮೊದಲು ಅಲ್ಲಿಯ ಹುಲ್ಲನ್ನು ಬುಡಮಟ್ಟ ಕೊಯ್ಯಬೇಕು. ಒಲೆಯನ್ನು ಮೊಳದುದ್ದ ಕುಣಿ ತೋಡಿ ಹೂಡಬೇಕು, ಪ್ರತಿ ಒಲೆಯ ಮಗ್ಗುಲಿಗೆ ಒಂದು ಬುಟ್ಟಿ ಮಣ್ಣು. ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಉಡಚವ್ವ ಒಪ್ಪಿಕೊಂಡಳು. ಅವರು ಹೋದ ಮೇಲೆ ಎಲ್ಸೆ ನನ್ನ ಜೊತೆ ಮಾತಾಡಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಮಂಗಳವಾರ ಬೆಳ್ಳಿ ಮೂಡುವಷ್ಟರಲ್ಲಿ ಜನ ಬಂದರು. ತಲೆಯ ಮೇಲೆ ಬುಟ್ಟಿ, ಬಗಲಲ್ಲಿ ಕೋಳಿ, ಹೊರಸಿನ ಮೇಲೆ ರೋಗಿಗಳು. ಹುಲ್ಲು ಹಿಂದಿನ ದಿನವೇ ಕೊಯ್ದಾಗಿತ್ತು. ಮನೆಗೊಂದು ಕುಣಿ ತೋಡಿ, ಮೂರು ಕಲ್ಲಿಟ್ಟು, ರೊಟ್ಟಿ ತಟ್ಟುವ ಸಪ್ಪಳ ಎದ್ದಾಗ ಇಡೀ ಗುಡ್ಡವೇ ಚಪ್ಪಾಳೆ ಹೊಡೆದಂತೆ ಕೇಳಿಸಿತು. ಬೇರೆ ದಿನವಾಗಿದ್ದರೆ ನನಗೆ ನಗು ಬರುತ್ತಿತ್ತು. ಎಲ್ಸೆ ಕೊಡದಲ್ಲಿ ನೀರು ಹಿಡಿದುಕೊಂಡು ಒಲೆಯಿಂದ ಒಲೆಗೆ ತಿರುಗುತ್ತಿದ್ದಳು. ನಾನು ಇನ್ನೊಂದು ಸಾಲಿನಲ್ಲಿ. ಗಾಳಿ ಬೆಳಗಿನಿಂದಲೂ ಪಡುವಣದಿಂದ ಬೀಸುತ್ತಿತ್ತು, ಗುಡ್ಡದ ಮೇಲ್ಮುಖಕ್ಕೆ. ಕಿಡಿ ಹಾರಿದರೆ ನೇರವಾಗಿ ದಿಂಡಲದ ಚಿಗುರಿಗೇ. ಹೊಗೆಗೆ ನನ್ನ ಕಣ್ಣು ಉರಿಯುತ್ತಿತ್ತು. ಇದೆಲ್ಲ ನನ್ನ ನಾಲಿಗೆಯಿಂದ ಆದದ್ದು ಎಂದು ಒಂದೊಂದು ಒಲೆಯ ಮುಂದೆಯೂ ನೆನಪಾಗುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಮಲಂಗಸಾಬ ಕೆಳಗೆ ಬೊಟ್ಟು ಮಾಡಿ ಕೂಗಿದ. "ಊರಾಗ ಹೊಗಿ ಎದ್ದೈತಿ!"

ಎಲ್ಲರೂ ಎದ್ದು ನಿಂತರು. ಅರ್ಧ ಮೈಲಿ ಕೆಳಗೆ, ಖಾಲಿ ಊರಿನ ತೆಂಕಣ ಅಂಚಿನಲ್ಲಿ, ಗೋಣೆಪ್ಪನ ಮನೆಯ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಎಲ್ಸೆಯ ದುರ್ಬೀನು ಕಸಿದು ನೋಡಿದೆ. ತಿಪ್ಪೆಯ ಪಕ್ಕದ ಸಣ್ಣ ಬಣವೆಯ ಬುಡ ಹತ್ತಿಕೊಂಡಿತ್ತು. ಅದರ ಆಚೆಗೆ ಸಾಲಾಗಿ ಊರಿನ ಬಣವೆಗಳೆಲ್ಲ, ಬರುವ ಮಳೆಗಾಲದ ತನಕ ದನಗಳ ಮೇವು. ನಸುಕಿನಲ್ಲಿ ಒಲೆ ಆರಿಸುವ ಗಡಿಬಿಡಿಯಲ್ಲಿ ಗೋಣೆಪ್ಪನ ಮನೆಯವರು ಕೆಂಡವಿದ್ದ ಬೂದಿಯನ್ನು ತಿಪ್ಪೆಗೆ ಸುರಿದಿದ್ದರು.

ಗೋಣೆಪ್ಪ ಓಡಲು ಹೊರಟವನು ಹತ್ತು ಹೆಜ್ಜೆಗೆ ನಿಂತುಬಿಟ್ಟ. ಆರುನೂರು ಜನರಲ್ಲಿ ಒಬ್ಬನೂ ಕದಲಲಿಲ್ಲ. ದೇವಿ ಬೀದಿಯಲ್ಲಿರುವಾಗ ಊರ ಮನುಷ್ಯ ಒಳಗೆ ಹೋದರೆ ಆಕೆ ಅವನ ಜೊತೆಗೇ ತಿರುಗಿ ಮನೆಮನೆಗೆ ಬರುತ್ತಾಳೆ. ಮೇವು ಹೋದರೆ ದನ ಹೋದಾವು, ಅವ್ವ ತಿರುಗಿದರೆ ಮಕ್ಕಳು ಹೋಗುತ್ತವೆ. ಹೊರಸಿನ ಮೇಲೆ ಮಲಗಿದ್ದ ಮಗಳ ಕೈ ಹಿಡಿದುಕೊಂಡಿದ್ದ ಲಕ್ಷ್ಮಪ್ಪ ಎಂಬವನು ಗೋಣೆಪ್ಪನಿಗೆ, "ಗೌಡ್ರ, ಹೋದ್ರ ನಾ ನಿಮ್ಮನ್ನ ಬಿಡಾಂಗಿಲ್ಲ ನೋಡ್ರಿ," ಎಂದ. ಹೆದರಿಸಿದ ದನಿಯಲ್ಲ ಅದು, ಬೇಡಿಕೊಂಡ ದನಿ.

ಎಲ್ಸೆ ಎರಡು ದಿನದ ಮೇಲೆ ಮೊದಲ ಸಲ ನನ್ನನ್ನು ಮಾತಾಡಿಸಿದಳು. "ಯಾಕೆ ಯಾರೂ ಹೋಗುತ್ತಿಲ್ಲ?"

ಹೇಳಿದೆ.

"ನಾನು ಊರವಳಲ್ಲವಲ್ಲ. ನಾನು ಹೋದರೆ?"

ಅದನ್ನು ಉಡಚವ್ವನಿಗೆ ಕೇಳಿದೆ. ಮುದುಕಿ ಹೊಗೆಯ ಕಡೆ ನೋಡಿದಳು, ಎಲ್ಸೆಯ ಕಡೆ ನೋಡಿದಳು.

"ಹೊರಗಿನವರು ಹೋದ್ರ ಅವ್ವ ಅವರ ಹೆಗಲು ಏರತಾಳ. ಅವರ ಸಂಗಾಟ ಗಡಿ ದಾಟತಾಳ. ಊರಿಗೇನೂ ಆಗಾಂಗಿಲ್ಲ. ಆದ್ರ ಹೋದವರು ಹಂಗ ಗಡಿ ದಾಟಿ ಹೋಗಬೇಕು. ಒಂದು ವರ್ಸ ತುಂಬೂಮಟ ಕಡಕೊಪ್ಪದ ಸೀಮಿಯೊಳಗ ಕಾಲು ಇಡಾಂಗಿಲ್ಲ. ಖರೆಖರೆ ಹೇಳ್ರಿ ಅಕ್ಕೋರ, ಈ ಸಲ."

ಖರೆಖರೆಯೇ ಹೇಳಿದೆ. ಬಂಗಲೆಗೂ ಬರುವಂತಿಲ್ಲ, ಬೇಲಿಗೂ ಬರುವಂತಿಲ್ಲ, ಮೇ ಒಂದರಂದು ಸಾಹೇಬರು ಬಂದಾಗಲೂ ಬರುವಂತಿಲ್ಲ ಎಂದೆ. ಎಲ್ಸೆ ತಿರುಗಿ ತನ್ನ ಮೂವತ್ತು ಎಕರೆ ನೋಡಿದಳು, ಆಮೇಲೆ ಹೊಗೆಯುಗುಳುತ್ತಿದ್ದ ನೂರಾ ನಾಲ್ಕು ಒಲೆಗಳನ್ನು.

"ಇದನ್ನು ನೀನು ನೋಡಿಕೋ," ಎಂದು ನೀರಿನ ಕೊಡವನ್ನು ನನ್ನ ಕೈಗೆ ಕೊಟ್ಟು ಇಳಿಜಾರಿನಲ್ಲಿ ಓಡಿದಳು.

ಹೊರಗಿನವಳು ನಾನೂ ಆಗಿದ್ದೆ. ಶಿರಹಟ್ಟಿಯವಳಿಗೆ ಕಡಕೊಪ್ಪದ ಸೀಮೆಯಲ್ಲಿ ಏನಿತ್ತು? ಒಂದು ವರ್ಷವಲ್ಲ, ಹತ್ತು ವರ್ಷ ಬರಬೇಡ ಎಂದರೂ ನನಗೆ ನಷ್ಟವಿರಲಿಲ್ಲ. ಚಿಕ್ಕಂದಿನಲ್ಲೇ ದೇವಿ, ಅಂದರೆ ಸಿಡುಬಿನ ಲಸಿಕೆ, ಹಾಕಿಸಿಕೊಂಡಿದ್ದೆ, ರೋಗದ ಭಯವೂ ಇರಬಾರದಾಗಿತ್ತು. ನಾನು ಹೋಗುತ್ತೇನೆ ಎಂಬ ಒಂದು ಮಾತು ಬಾಯಿಯ ತನಕ ಬಂದು ನಿಂತಿತು. ನೂರು ಸಲ ಗೇಲಿ ಮಾಡಿದ್ದ ಆ ದೇವಿಗೆ ನಾನು ಹೆದರಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ದುರ್ಬೀನಿನಲ್ಲಿ ಆಕೆ ಅಗಸೆಯ ಮುಳ್ಳು ಎಳೆದು ಒಳಗೆ ನುಗ್ಗುವುದು ಕಂಡಿತು. ಆ ಹೊತ್ತಿಗೇ ನನ್ನ ಬೆನ್ನ ಹಿಂದೆ ಹೆಂಗಸೊಬ್ಬಳು ಚೀರಿದಳು. ಒಲೆಯೊಂದರಿಂದ ಹಾರಿದ ಕಿಡಿ ಕೊಯ್ದ ಜಾಗ ದಾಟಿ ಬಾದೆ ಹುಲ್ಲಿಗೆ ಬಿದ್ದಿತ್ತು. ಹುಲ್ಲು ಚಟಚಟ ಎನ್ನುವುದು ಕೇಳಿಸಿತು. ನಾನು ಕೊಡ ಎತ್ತಿಕೊಂಡು ಓಡುವುದರೊಳಗೆ ದಿಲಶಾದಬಿ ತನ್ನ ಹೊಸ ಕೌದಿಯನ್ನು ಒರತೆಯಲ್ಲಿ ಅದ್ದಿ ತಂದು ಬೆಂಕಿಯ ಮೇಲೆ ಹಾಸಿ, ಅದರ ಮೇಲೆ ತಾನೇ ಕುಪ್ಪಳಿಸಿ ಕೂತಳು. ನಾಲ್ಕು ಹೆಂಗಸರು ಸುತ್ತಲೂ ಮಣ್ಣು ಸುರಿದರು. ಒಂದು ಮೊರದಗಲ ಸುಟ್ಟಿತು, ಅಷ್ಟೇ.

"ಒಲಿ ಆರಸ್ರಿ!" ಎಂದು ಉಡಚವ್ವ ಎದ್ದು ನಿಂತು ಕೂಗಿದಳು. "ರೊಟ್ಟಿ ಬೆಂದಿರಲಿ ಬೇಯದಿರಲಿ, ಮಣ್ಣು ಹಾಕ್ರಿ. ಆಕಿ ನಮ್ಮ ಮೇವು ಕಾಯಾಕ ಹೋಗ್ಯಾಳ. ಆಕಿ ಗಿಡಾ ನಾವು ಸುಡೂದೇನು?"

ನೂರಾ ನಾಲ್ಕು ಒಲೆಗಳೂ ಒಂದು ಕ್ಷಣದಲ್ಲಿ ಹೂತುಹೋದವು. ಅಂದು ಕಡಕೊಪ್ಪದ ಅರ್ಧಕ್ಕರ್ಧ ಜನ ಹಸಿ ಹಿಟ್ಟನ್ನು ಕಟ್ಟಿಕೊಂಡು ಕೂತರು, ಒಬ್ಬರೂ ಗೊಣಗಲಿಲ್ಲ.

ಕೆಳಗೆ ಎಲ್ಸೆ ಉರಿಯುವ ಬಣವೆಯ ಗೊಡವೆಗೆ ಹೋಗಿರಲಿಲ್ಲ. ಅದರ ಪಕ್ಕದ ಬಣವೆಯ ಜೋಳದ ದಂಟಿನ ಸಿವುಡುಗಳನ್ನು ಕಿತ್ತು ಕಿತ್ತು ದೂರ ಎಸೆಯುತ್ತಿದ್ದಳು, ನಡುವೆ ಖಾಲಿ ನೆಲ ಬರುವ ಹಾಗೆ. ದನ ನೀರು ಕುಡಿಯುವ ದೋಣಿಯಲ್ಲಿ ಗೋಣಿಚೀಲ ಅದ್ದಿ ಬಡಿಯುತ್ತಿದ್ದಳು. ಸಲ ಸಲಕ್ಕೂ ಹೊಗೆ ಆಕೆಯನ್ನು ಮುಚ್ಚುತ್ತಿತ್ತು. ಮುಚ್ಚಿದಾಗಲೆಲ್ಲ ನನ್ನ ಸುತ್ತ ನಿಂತವರು ಉಸಿರು ಹಿಡಿಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಗೆ ತೆಳುವಾಯಿತು. ಒಂದು ಬಣವೆ ಬೂದಿಯಾಗಿತ್ತು, ಉಳಿದ ಹದಿನೇಳು ನಿಂತಿದ್ದವು.

ಆಕೆ ನಮ್ಮ ಕಡೆ ಬರಲಿಲ್ಲ. ಅಗಸೆಯಿಂದ ಹೊರಬಿದ್ದು, ಮುಳ್ಳನ್ನು ಮತ್ತೆ ಎಳೆದು ಮುಚ್ಚಿ, ಹೊಲದ ಬದುವಿನ ಮೇಲೆ ನೆಟ್ಟಗೆ ಬಡಗಣಕ್ಕೆ ನಡೆದಳು. ಬೇಲಿಯ ಬಡಗಣ ಮೂಲೆಗೆ ನೂರು ಹೆಜ್ಜೆ ಆಚೆ ಊರ ಗಡಿಕಲ್ಲಿತ್ತು, ಸುಣ್ಣ ಹಚ್ಚಿ ಕುಂಕುಮವಿಟ್ಟ ಸೊಂಟದೆತ್ತರದ ಕಲ್ಲು. ಅದನ್ನು ದಾಟಿ ಪರವೂರಿನ ಬೀಳಿನಲ್ಲಿ ಕೂತಳು. ನಾನು ಹೋಗಿ ಕಲ್ಲಿನ ಈಚೆ ನಿಂತೆ. ಆಕೆಯ ಎರಡೂ ಅಂಗೈ ಸುಟ್ಟು ಬೊಬ್ಬೆ ಎದ್ದಿದ್ದವು.

"ಗಿಡಗಳು?" ಎಂದಳು.

"ಇವೆ. ಒಂದು ಮೊರದಷ್ಟು ಹುಲ್ಲು ಹೋಯಿತು."

ತಲೆಯಾಡಿಸಿದಳು. ಅತ್ತದ್ದು ನಾನು.

ಎಲ್ಸೆ ಆ ಬೀಳಿನಲ್ಲಿಯೇ ಡೇರೆ ಹಾಕಿದಳು. ಊರ ಹೆಂಗಸರು ದಿನವೂ ಬುತ್ತಿ ತಂದು ಗಡಿಕಲ್ಲಿನ ಬುಡದಲ್ಲಿಟ್ಟು ಹೋಗುತ್ತಿದ್ದರು. ದಿಲಶಾದಬಿ ಕೈಗೆ ಎಣ್ಣೆ ಕಾಸಿ ಕೊಟ್ಟಳು. ಹೊರಬೀಡಿನ ಮೇಲೆ ಊರಲ್ಲಿ ಹೊಸದಾಗಿ ಒಬ್ಬರಿಗೂ ಸಿಡುಬು ಏಳಲಿಲ್ಲ, ಲಕ್ಷ್ಮಪ್ಪನ ಮಗಳು ಎದ್ದು ಕೂತಳು. ಅವ್ವ ಹೋದದ್ದು ಖರೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ಇನ್ನು ಗಡಿಯ ಕಟ್ಟಳೆಯನ್ನು ಸಡಿಲಿಸುವ ಮಾತೇ ಇರಲಿಲ್ಲ.

ಮೇ ಒಂದರಂದು ವಾಸುದೇವರಾವ್ ಸಾಹೇಬರು ಜೀಪಿನಲ್ಲಿ ಬಂದರು. ಬೇಲಿಯ ಬಾಗಿಲಲ್ಲಿ ಇಳಿದು, ಉಸ್ತುವಾರಿಯ ಬಾಯಾರು ಎಲ್ಲಿ ಎಂದರು. ತೋರಿಸಿದೆ. ಎಲ್ಸೆ ಕಲ್ಲಿನ ಆಚೆ ಕೈಗೆ ಅರಿವೆ ಸುತ್ತಿಕೊಂಡು ನಿಂತಿದ್ದಳು. ನಾನು ನಡೆದದ್ದನ್ನು ಹೇಳಿದಂತೆಲ್ಲ ಸಾಹೇಬರ ಹುಬ್ಬು ಗಂಟಿಕ್ಕಿತು.

"ಸ್ವತಂತ್ರ ದೇಶದಾಗ ಇದೇನ್ರಿ ಹುಚ್ಚಾಟ? ಪಂಚನಾಮೆ ಜಾಗದ ಮ್ಯಾಲೇ ಆಗಬೇಕು. ಉಸ್ತುವಾರಿಯವರು ನನ್ನ ಸಂಗಾಟ ತಿರುಗಿ ಒಂದೊಂದು ಗುರುತು ತೋರಿಸಿ ಸಹಿ ಮಾಡಬೇಕು. ಇಲ್ಲಂದ್ರ ಗೈರುಹಾಜರ ಅಂತ ಬರದು ಹೋಗ್ತೇನಿ. ಮುಂದಿನದು ಗುತ್ತಿಗೆದಾರ ನೋಡ್ಕೋತಾನ. ಹೇಳ್ರಿ ಅವರಿಗೆ."

ಓಡಿಹೋಗಿ ಹೇಳಿದೆ. ನಾನೇ ಬೇಡಿಕೊಂಡೆ. "ಬಾ, ಎಲ್ಸೆ. ನೂರು ಹೆಜ್ಜೆ. ಇದನ್ನೆಲ್ಲ ನೀನು ನಂಬುವುದಿಲ್ಲ."

"ನಂಬುವುದಿಲ್ಲ," ಎಂದಳು. ಆಕೆಯ ಕಣ್ಣು ತುಂಬಿದ್ದವು. "ಆದರೆ ನಾನು ಒಪ್ಪಿ ಹೋದೆ, ತುಳಸಾ. ಈಗ ದಾಟಿದರೆ, ನಾಳೆ ಯಾವುದಾದರೂ ಮಗು ಮಲಗಿದರೆ, ಆ ತಾಯಿಗೆ ನಾನು ಏನು ಹೇಳಲಿ? ಆ ಗಿಡಗಳನ್ನು ಇನ್ನು ಕಾಯಬೇಕಾದವರು ಅವರೇ ಅಲ್ಲವೆ?"

ಮರಳಿ ಬಂದೆ. ಆಕೆಯ ಮಾತನ್ನು ಇದ್ದದ್ದು ಇದ್ದಂತೆಯೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಬೇಲಿಯ ಸುತ್ತ ಊರವರು ನೆರೆದಿದ್ದರು. ಸಾಹೇಬರು ಗಡಿಯಾರ ನೋಡಿ ಪೆನ್ನಿನ ಟೊಪ್ಪಿಗೆ ತೆಗೆದರು. ಗೋಣೆಪ್ಪ ಕೈಕೈ ಹಿಸುಕಿಕೊಳ್ಳುತ್ತ, "ಉಡಚವ್ವ, ಒಂದಿನ ಬಿಡಾಕ ಬರಾಂಗಿಲ್ಲೇನು?" ಎಂದ.

"ನಾ ಬಿಟ್ರ ಅವ್ವ ಬಿಡ್ತಾಳೇನು?" ಎಂದಳು ಮುದುಕಿ. ಸಾಹೇಬರ ಪೆನ್ನು ಕಾಗದ ಮುಟ್ಟುವುದನ್ನು ನೋಡಿದಳು. "ಆಕಿ ಈಚಿಗೆ ಬರಾಕ ಬರಾಂಗಿಲ್ಲ. ಕಲ್ಲು ಬರತೈತಲ್ಲ?"

ಯಾರಿಗೂ ಒಮ್ಮೆಲೇ ತಿಳಿಯಲಿಲ್ಲ.

"ಗಡಿಕಲ್ಲು ಕೀಳ್ರಿ," ಎಂದಳು. "ತಂದು ಬೇಲಿ ಈಚಿಗೆ ಹುಗೀರಿ. ಈ ಮೂವತ್ತು ಎಕರೆ ನಮ್ಮ ಸೀಮಿ ಅಲ್ಲ ಇನ್ನ."

ಗೋಣೆಪ್ಪನ ಮುಖ ಕಪ್ಪಿಟ್ಟಿತು. ಆ ಗಡಿಗಾಗಿ ಅವನ ಅಜ್ಜ ಪರವೂರಿನವರ ಜೊತೆ ಹೊಡೆದಾಡಿ ಸತ್ತಿದ್ದ. ಬದುವಿನ ಒಂದು ಗೇಣು ಸರಿದರೆ ಕೊಡಲಿ ಎತ್ತುವ ಜನ ಇವರು. ಹೊರಬೀಡಿನ ಬಯಲು, ಒರತೆಯ ನೀರು, ಎಲ್ಲವೂ ಆಚೆಗೆ ಹೋಗುತ್ತಿತ್ತು. ಒಮ್ಮೆ ಬಿಟ್ಟ ಸೀಮೆ ವರ್ಷ ತುಂಬಿದ ಮೇಲೆ ಮರಳಿ ಸಿಗುವಂಥದಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೋಣೆಪ್ಪ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಸುತ್ತಿಕೊಂಡ, ಸುಟ್ಟುಹೋದ ತನ್ನ ಬಣವೆಯ ಕಡೆ ಒಮ್ಮೆ ನೋಡಿದ, ಹಾರೆ ತರಿಸಿದ.

"ಗಡಿಕಲ್ಲು ಸರಿಸೂದು ಗುನ್ಹೆ ಐತಿ, ಗೊತ್ತದೇನು?" ಎಂದು ಸಾಹೇಬರು ಗದರಿದರು.

"ಸರಕಾರದ ಕಲ್ಲು ಬ್ಯಾರೆ ಐತ್ರಿ ಸಾಹೇಬ್ರ, ಅಲ್ಲಿ ಕೆಳಗ ನಂಬರ ಹಾಕಿದ್ದು," ಎಂದ ಮಲಂಗಸಾಬ. ಮೂರು ವರ್ಷದಲ್ಲಿ ಅವನು ಮೇಲಿನವರಿಗೆ ಎದುರಾಡಿದ್ದು ಅದೊಂದೇ ಸಲ. "ಇದು ಅವ್ವನ ಕಲ್ಲು. ನೀವರೆ ಎಲ್ಲಾ ಗಡಿ ಬದಲ ಮಾಡಾಕ ಹತ್ತೀರಿ. ನಮ್ಮದೊಂದು ಆಗಲಿ."

ಕಲ್ಲು ನೆಲದೊಳಗೆ ಆಳುದ್ದ ಇತ್ತು. ಎಂಟು ಮಂದಿ ಹಗ್ಗ ಕಟ್ಟಿ ಎಳೆದರು, ಜರುಗಲಿಲ್ಲ. ಎಲ್ಸೆ ಆಚೆ ನಿಂತು ಏನು ನಡೆಯುತ್ತಿದೆ ಎಂದು ಕೂಗಿ ಕೇಳುತ್ತಿದ್ದಳು. ನಾನು ಸೆರಗು ಬಿಗಿದು ಹಗ್ಗದ ತುದಿಗೆ ಹೋಗಿ ಕೈ ಹಾಕಿದೆ. ಗಂಡ ಸತ್ತವಳು ದೇವರ ಕಲ್ಲಿನ ಹಗ್ಗ ಮುಟ್ಟಬಹುದೋ ಇಲ್ಲವೋ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಉಡಚವ್ವ ಸರಿದು ನನಗೆ ಜಾಗ ಮಾಡಿಕೊಟ್ಟಳು. ಅಂಗೈ ಕಿತ್ತುಬಂದವು. ಕಲ್ಲು ಒಮ್ಮೆ ನರಳಿ ಮೇಲೆದ್ದಿತು.

ಅದನ್ನು ಉರುಳಿಸಿಕೊಂಡು ಬೇಲಿಯ ಉದ್ದಕ್ಕೂ ತಂದು, ಬಾಗಿಲಿನ ಈಚೆ, ಊರಿನ ಮಗ್ಗುಲಿಗೆ ಹುಗಿದರು. ಒಂದೂವರೆ ತಾಸು ಹಿಡಿಯಿತು. ಸಾಹೇಬರು ಜೀಪಿನ ನೆರಳಿನಲ್ಲಿ ಕೂತು ನೋಡಿದರು, ಪೆನ್ನು ಕಿಸೆಯಲ್ಲೇ ಇತ್ತು. ಉಡಚವ್ವ ಹೊಸ ಜಾಗದಲ್ಲಿ ಕಲ್ಲಿಗೆ ನೀರು ಹಾಕಿ, ಕುಂಕುಮ ಹಚ್ಚಿ, ಎಲ್ಸೆಯ ಕಡೆ ತಿರುಗಿ ಕೈ ಬೀಸಿದಳು.

"ಬಾರವಾ. ಇನ್ನ ಬೇಲಿತನಕ ಪರವೂರ."

ನಾನು ಎಲ್ಸೆಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಗೋಣೆಪ್ಪನ ಅಜ್ಜನ ಕಥೆಯನ್ನೂ, ಒರತೆಯನ್ನೂ, ಇನ್ನು ಮುಂದೆ ಸಿಡುಬು ಬಂದರೆ ಇವರು ಎಲ್ಲಿಗೆ ಹೋಗಬೇಕು ಎಂಬುದು ಇವರಿಗೇ ಗೊತ್ತಿಲ್ಲ ಎಂಬುದನ್ನೂ. ಆಕೆ ನಡೆಯತೊಡಗಿದವಳು ಕಲ್ಲು ಕಿತ್ತ ಕುಣಿಯ ಹತ್ತಿರ ನಿಂತುಬಿಟ್ಟಳು. ಸುಟ್ಟ ಕೈಗಳಿಂದ ಮುಖ ಮುಚ್ಚಿಕೊಂಡು, ಹಸುಗೂಸಿನ ಹಾಗೆ ದನಿ ತೆಗೆದು ಅತ್ತಳು. ಬೇಲಿಯ ಆಚೆ ನಿಂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಹೇಬರು ಬೇರೆ ಕಡೆ ನೋಡುತ್ತ ಕೆಮ್ಮಿದರು. ಆಮೇಲೆ ಎಲ್ಸೆ ಅವರನ್ನು ಕರೆದುಕೊಂಡು ದಿಂಡಲದ ಸಾಲಿನಿಂದ ಶುರು ಮಾಡಿ ಒಂದೊಂದೇ ಗಿಡ ತೋರಿಸಿದಳು. ಪಂಚನಾಮೆಯ ಕೊನೆಯಲ್ಲಿ, ಪಡುವಣ ಇಳಿಜಾರು ಕಾಯ್ದಿಡತಕ್ಕದ್ದು ಎಂದು ಅವರು ಬರೆದು ಸಹಿ ಮಾಡಿದರು, ಆಕೆ ಸಹಿ ಮಾಡಿದಳು. ಸಾಕ್ಷಿಗೆ ಗೋಣೆಪ್ಪನೂ ಉಡಚವ್ವನೂ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಅವರು ತಮ್ಮ ಕಲ್ಲಿನ ಈಚೆಯೇ ನಿಂತರು, ಕಾಗದವನ್ನು ನಾನೇ ಅವರ ಹತ್ತಿರ ಒಯ್ದೆ.